ಫ್ರಿಜ್ಜಿನೊಳಗೆ ಗಾಳಿ ಆಡಲಿ

"ಮೇಲಿನ ಬಿಯರ್ ಜಾರು 23 ಡಿಗ್ರಿ, ಕೆಳಗಿನದು 17. ಒಂದೇ ಫ್ರಿಜ್ಜು, ಒಂದೇ ಬಾಗಿಲು. ಇದು ನ್ಯಾಯಾನಾ?" ಅಂತ ಸೀನ ಗೋಳು ಶುರು ಹಚ್ಚಿಕೊಂಡ.

ನಮ್ಮ ಗುಂಪಿನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಇರುವುದು ಮೂವರಿಗೆ. ನಾಲ್ಕನೆಯವನು ರಾಜು. ಅವನದು ಕುಡಿಯುವ ಹುಚ್ಚು ಮಾತ್ರ. ಸಲಹೆ ಜಾಸ್ತಿ ಬರುವುದೂ ಅವನಿಂದಲೇ.

"ತಣ್ಣನೆ ಗಾಳಿ ಭಾರ, ಕೆಳಗೆ ಕೂರುತ್ತೆ. ಬೆಚ್ಚಗಿನದು ಮೇಲೇರುತ್ತೆ. ಒಳಗೊಂದು ಫ್ಯಾನ್ ಇಡು, ಮುಗೀತು," ಅಂದ ಪದ್ದು.

"ಫ್ಯಾನ್ ಇಟ್ಟರೆ ಇನ್ನೂ ತಣ್ಣಗಾಗಲ್ವಾ?" ರಾಜುವಿನ ಅನುಮಾನ.

"ಫ್ಯಾನ್ ತಂಪು ಮಾಡಲ್ಲ ಮಾರಾಯ. ಇರೋ ತಂಪನ್ನ ಹಂಚುತ್ತೆ. ಅದರ ಮೋಟಾರು ಒಂದೆರಡು ವಾಟ್ ಬಿಸಿಯನ್ನೇ ಸೇರಿಸುತ್ತೆ."

"ಅಂದ್ರೆ ತಾನು ಮಾಡೋದಿಲ್ಲ, ಬೇರೆಯವರು ಮಾಡಿದ್ದನ್ನ ಹಂಚುತ್ತೆ, ಜೊತೆಗೆ ಬಿಸಿನೂ ಏರಿಸುತ್ತೆ. ನಮ್ಮ ಮ್ಯಾನೇಜರ್ ಥರ."

ಎದ್ದು ಹೋಗಿ ಫ್ರಿಜ್ ಬಾಗಿಲು ತೆಗೆದೆವು. ನಡುವೆ ಗಾಜಿನ ಹಲಗೆ, ಗೋಡೆಯಿಂದ ಗೋಡೆಗೆ. ಅದರ ಮೇಲೆ ಮಡಚಿದ ಟವೆಲ್ಲು, ಅದರ ಮೇಲೆ ಜಾರು. ಹಿಂದಿನ ಗೋಡೆಗೆ ಜಾರಿನ ಬೆನ್ನು ಅಂಟಿಕೊಂಡು, ಆ ಜಾಗದಲ್ಲಿ ನೀರಿನ ಹನಿ ಸಾಲುಗಟ್ಟಿದೆ. ಫ್ರಿಜ್ಜನ್ನು ಆನ್-ಆಫ್ ಮಾಡುವ ಕಂಟ್ರೋಲರಿನ ಪ್ರೋಬು, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಬಾಗಿಲ ಹತ್ತಿರ ಗಾಳಿಯಲ್ಲಿ ನೇತಾಡುತ್ತಿದೆ.

"ಗಾಳಿ ಓಡಾಡೋಕೆ ದಾರಿ ಎಲ್ಲಿದೆಯೋ ಇಲ್ಲಿ?" ಅಂದೆ. ಫ್ಯಾನಿಗಿಂತ ಮೊದಲು ಆಗಬೇಕಾದ ಕೆಲಸ ಇದು. ಗಾಜು ತೆಗೆದು ತಂತಿಯ ಗಟ್ಟಿ ಸ್ಟ್ಯಾಂಡ್ ಇಡಬೇಕು, ಜಾರನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಬೇಕು. ದಾರಿಯೇ ಇಲ್ಲದ ಕಡೆ ಎಂಥ ಫ್ಯಾನ್ ಇಟ್ಟರೂ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆಯೇ.

ಫ್ಯಾನ್ ಯಾವುದು ಅನ್ನುವುದು ಬೇಗ ಬಗೆಹರಿಯಿತು. ಕಂಪ್ಯೂಟರಿನ 12 ವೋಲ್ಟ್ ಫ್ಯಾನು, 120 ಮಿಲಿಮೀಟರಿನದು. 5 ವೋಲ್ಟಿನ ಹಳೇ ಚಾರ್ಜರಿಗೆ ಕೊಟ್ಟರೆ ಸದ್ದಿಲ್ಲದೆ ನಿಧಾನಕ್ಕೆ ತಿರುಗುತ್ತೆ, ಅಷ್ಟೇ ಸಾಕು. ಕೆಲವು ಫ್ಯಾನು 5 ವೋಲ್ಟಿಗೆ ಏಳುವುದೇ ಇಲ್ಲ, ಮೊದಲೇ ತಿರುಗಿಸಿ ನೋಡಿಕೊಳ್ಳಬೇಕು. ನೆಲದ ಮೂಲೆಯಲ್ಲಿ ಮೇಲ್ಮುಖವಾಗಿ ಇಟ್ಟರೆ ಕೆಳಗೆ ಕೂತ ತಂಪು ಮೇಲೇಳುತ್ತೆ.

"ವೈರಿಗೆ ಪಕ್ಕದ ಗೋಡೆಯಲ್ಲಿ ತೂತು ಕೊರೆಯೋಣ. ನನ್ನ ಹತ್ತಿರ ಡ್ರಿಲ್ ಇದೆ!" ರಾಜು ಎದ್ದೇ ಬಿಟ್ಟ.

ಮೂವರೂ ಒಟ್ಟಿಗೆ ಕಿರುಚಿದೆವು. ಎಷ್ಟೋ ಫ್ರಿಜ್ಜುಗಳಲ್ಲಿ ಗ್ಯಾಸಿನ ಕೊಳವೆ ಪಕ್ಕದ ಗೋಡೆಯೊಳಗೇ ಹೋಗಿರುತ್ತೆ. ಕೊಳವೆಗೆ ಡ್ರಿಲ್ ತಾಗಿದರೆ ಫ್ರಿಜ್ಜು ಹೋಗಿ ಬಟ್ಟೆ ಇಡುವ ಬೀರು ಆಗುತ್ತೆ. ತೆಳು ವೈರನ್ನು ಬಾಗಿಲಿನ ರಬ್ಬರಿನ ಸಂದಿಯಲ್ಲೇ ತಂದರಾಯಿತು.

"ಹೋಗಲಿ, ಫ್ಯಾನ್ ಗಾಳಿಗೆ ಬಿಯರ್ ಕೆಡಲ್ವಾ?"

"ಜಾರಿನ ಬಾಯಿಗೆ ಏರ್‌ಲಾಕ್ ಇದೆಯಲ್ಲೋ. ಒಳಗಿನ ಗ್ಯಾಸು ಹೊರಗೆ ಬರುತ್ತೆ, ಹೊರಗಿನದು ಒಳಗೆ ಹೋಗಲ್ಲ. ಜಾರನ್ನ ಒಮ್ಮೆಗೇ ತಣ್ಣಗೆ ಮಾಡಿದಾಗ ಮಾತ್ರ ಒಳಕ್ಕೆ ಎಳೆದುಕೊಳ್ಳುತ್ತೆ," ಅಂದ ಪದ್ದು.

ಈ ಮಧ್ಯೆ ನನಗೊಂದು ಅನುಮಾನ. "ಸೀನ, ಎರಡಕ್ಕೂ ಯೀಸ್ಟ್ ಯಾವಾಗ ಹಾಕಿದೆ?"

"ಮೇಲಿನದಕ್ಕೆ ಮೊನ್ನೆ. ಕೆಳಗಿನದಕ್ಕೆ ಹೋದ ವಾರ."

ಅಲ್ಲಿಗೆ ಅರ್ಧ ಗುಟ್ಟು ರಟ್ಟಾಯಿತು. ಯೀಸ್ಟ್ ಸಕ್ಕರೆ ತಿನ್ನುವಾಗ ಬಿಸಿ ಹುಟ್ಟುತ್ತೆ. ಜೋರಾಗಿ ಹುದುಗುತ್ತಿರುವ ಬಿಯರ್ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಬೆಚ್ಚಗೇ ಇರುತ್ತೆ. ಕೆಳಗಿನ ಜಾರಿನ ಯೀಸ್ಟ್ ಊಟ ಮುಗಿಸಿ ಮಲಗಿದೆ. ಆ ವ್ಯತ್ಯಾಸವನ್ನು ಫ್ಯಾನ್ ಕಡಿಮೆ ಮಾಡಬಹುದೇ ಹೊರತು ಅಳಿಸಲಾರದು.

"ಗಾಳಿದು ಎಷ್ಟು, ಯೀಸ್ಟಿಂದು ಎಷ್ಟು ಅಂತ ತಿಳಿಯೋದು ಹೇಗೆ?"

ಅದು ಸುಲಭ. ಎರಡು ಲೋಟ ನೀರು, ಒಂದು ಮೇಲೆ, ಒಂದು ಕೆಳಗೆ. ಬೆಳಿಗ್ಗೆ ಎರಡಕ್ಕೂ ಥರ್ಮಾಮೀಟರ್ ಅದ್ದಿ ನೋಡುವುದು. ನೀರಿನಲ್ಲಿ ಯೀಸ್ಟ್ ಇಲ್ಲ, ಹಾಗಾಗಿ ಅಲ್ಲಿ ಕಾಣುವ ವ್ಯತ್ಯಾಸ ಗಾಳಿಯ ಪಾಲು. ಫ್ಯಾನ್ ಹಾಕಿದ ಮೇಲೂ ಇನ್ನೊಮ್ಮೆ ಅಳೆದರೆ ಅದರ ಯೋಗ್ಯತೆ ಗೊತ್ತಾಗುತ್ತೆ.

ಪ್ರೋಬನ್ನು ಮಾತ್ರ ಗಾಳಿಯಲ್ಲಿ ಬಿಡಬಾರದು. ಬಾಗಿಲು ತೆಗೆದ ತಕ್ಷಣ ಗಾಳಿ ಬಿಸಿಯಾಗುತ್ತೆ, ಕಂಪ್ರೆಸರ್ ಸುಮ್ನೆ ಎದ್ದು ಓಡುತ್ತೆ, ಬಿಯರಿಗೆ ಏನೂ ಆಗಿರುವುದಿಲ್ಲ. ಜೋರಾಗಿ ಹುದುಗುವ ಜಾರಿನ ಹೊಟ್ಟೆಗೆ, ಬಿಯರ್ ಮಟ್ಟಕ್ಕಿಂತ ಕೆಳಗೆ, ಪ್ರೋಬನ್ನು ಟೇಪಿನಿಂದ ಅಂಟಿಸಿ ಮೇಲೊಂದು ಫೋಮ್ ತುಂಡು ಮುಚ್ಚಬೇಕು.

"ಆಗ ಮಲಗಿರೋ ಜಾರು ನಡುಗಲ್ವಾ?" ಸೀನನಿಗೆ ಕನಿಕರ.

"ಸ್ವಲ್ಪ ತಣ್ಣಗಾಗುತ್ತೆ. ಮುಂದಿನ ಸಲ ಎರಡಕ್ಕೂ ಒಂದೇ ದಿನ ಯೀಸ್ಟ್ ಹಾಕು."

"ಅಂದ್ರೆ ಎರಡೂ ಜಾರು ಒಟ್ಟಿಗೇ ರೆಡಿ ಆಗುತ್ತೆ!" ಅಂದ ರಾಜು. ಇಡೀ ಸಂಜೆ ಅವನು ಒಪ್ಪಿದ ತಾಂತ್ರಿಕ ಸಲಹೆ ಇದೊಂದೇ.