ಸಹಾಯ ಬೇಕು: ನೌಕಾಪಡೆಯಲ್ಲಿರುವ ಮಕ್ಕಳ ತಂದೆ-ತಾಯಂದಿರಲ್ಲಿ ವಿನಂತಿ

ಮಾನ್ಯರೇ,

ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರನ್ನು ತಡೆಯಲು ನಮ್ಮ ನೌಕಾಪಡೆ 2008ರಿಂದ ಗಸ್ತು ನಡೆಸುತ್ತಿರುವುದು ತಮಗೆ ತಿಳಿದೇ ಇದೆ. ನಮ್ಮ ಮಗನೂ ಈಗ ಹೊರದೇಶದ ಸಮುದ್ರದಲ್ಲಿ ಕರ್ತವ್ಯದಲ್ಲಿದ್ದಾನೆ. ಹಡಗಿನ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ, ತಾವೂ ದಯವಿಟ್ಟು ಬರೆಯಬೇಡಿ. ವಾರಗಟ್ಟಲೆ ಫೋನ್ ಬರದಿದ್ದಾಗ ನನ್ನ ಹೆಂಡತಿ ಮೊಬೈಲನ್ನು ಸಿಗ್ನಲ್ ಸಿಗುವ ಒಂದೇ ಜಾಗವಾದ ದೇವರ ಕೋಣೆಯ ಕಿಟಕಿಯಲ್ಲಿಟ್ಟು ಅಲ್ಲೇ ಕುಳಿತಿರುತ್ತಾಳೆ, ಟಿವಿಯಲ್ಲಿ ಕೆಂಪು ಸಮುದ್ರದ ಸುದ್ದಿ ಬಂದರಂತೂ ಊಟ ಬಿಟ್ಟು ಏಳುತ್ತಾಳೆ. ನನ್ನ ಸಮಾಧಾನದ ಮಾತು ಅವಳಿಗೆ ಸಾಕಾಗುತ್ತಿಲ್ಲ. ಇದನ್ನು ಅನುಭವಿಸಿದ ತಾಯಿಯೊಬ್ಬರ ಮಾತು ಬೇಕಾಗಿದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಂಥ ಪೋಷಕರಿದ್ದರೆ ಭಾನುವಾರ ಸಂಜೆ ಕಾರವಾರದಲ್ಲಿ ಒಟ್ಟಿಗೆ ಸೇರಬಹುದೇ? ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಹಡಗಿಗೆ ಸುದ್ದಿ ಮುಟ್ಟಿಸುವ ಕ್ರಮವನ್ನು ಬಲ್ಲವರು ನನಗೆ ಖಾಸಗಿಯಾಗಿ ಬರೆದು ತಿಳಿಸಬೇಕಾಗಿ ಕೋರುತ್ತೇನೆ.