ಅಮ್ಮನ ಗರ್ಭಕೋಶದ ಆಪರೇಷನ್: ನೋಡ್ ಮ್ಯಾಪಿಂಗಿಗೆ ರೋಬೋಟೇ ಬೇಕಾ?

ಹಾಸನದ ಹುಡುಗ
ಅಮ್ಮಂಗೆ 61, ಮುಟ್ಟು ನಿಂತು ಹತ್ತು ವರ್ಷ ಆದ್ಮೇಲೆ ಬ್ಲೀಡಿಂಗ್ ಆಯ್ತು, ಬಯಾಪ್ಸಿಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್, ಗ್ರೇಡ್ 1 (ನಿಧಾನಕ್ಕೆ ಬೆಳಿಯೋ ಥರದ್ದು) ಅಂತ ಬಂತು. ಒಬ್ಬ ಡಾಕ್ಟ್ರು ರೋಬೋಟಲ್ಲಿ ಮಾಡಿ ಹಸಿರು ಡೈ ಹಾಕಿ ನೋಡ್ (ಕ್ಯಾನ್ಸರ್ ಮೊದ್ಲು ಹರಡೋ ದುಗ್ಧಗ್ರಂಥಿ) ಹುಡುಕ್ತೀವಿ ಅಂತಾರೆ, ಇನ್ನೊಬ್ರು ಅದೇ ಕೆಲ್ಸ ಮಾಮೂಲಿ ಲ್ಯಾಪ್ರೋಸ್ಕೋಪಿಲೂ ಆಗತ್ತೆ ಅಂತಾರೆ, ರೇಟಲ್ಲಿ ಮಾತ್ರ ಲಕ್ಷದ ಮೇಲೆ ವ್ಯತ್ಯಾಸ. ಚಿಕ್ಕಪ್ಪ ಬೇರೆ ಹೀಗೆ ಸಣ್ಣ ತೂತಿನ ಕೀಹೋಲ್ ಆಪರೇಷನ್ ಮಾಡ್ಸಿದ್ರೆ ಕ್ಯಾನ್ಸರ್ ವಾಪಸ್ ಬರತ್ತಂತೆ, ಹೊಟ್ಟೆ ಕುಯ್ಸೇ ಮಾಡ್ಸಿ ಅಂತ ಹೆದರಿಸ್ತಿದಾರೆ.

ಓಟಿಯೊಳಗಿನವಳು
ಡೈ ಚುಚ್ಚೋದು ಎರಡ್ರಲ್ಲೂ ಒಂದೇ ಜಾಗಕ್ಕೆ, ಗರ್ಭಕೋಶದ ಕಂಠದಲ್ಲಿ ಗಡಿಯಾರದ 3 ಮತ್ತು 9ರ ಹತ್ರ. ಆ ಹಸಿರು ಡೈ ಹೆಸರು ಐಸಿಜಿ, ಇನ್‌ಫ್ರಾರೆಡ್ ಬೆಳಕು ಬಿದ್ರೆ ಸ್ಕ್ರೀನಲ್ಲಿ ದಾರಿ ಹಿಡ್ಕೊಂಡು ಹೊಳಿಯತ್ತೆ, ಅದನ್ನ ನೋಡೋ ಕ್ಯಾಮೆರಾ ಈಗ ಲ್ಯಾಪ್ರೋಸ್ಕೋಪಿಗೂ ಬರತ್ತೆ, ಆದ್ರೆ ಎಲ್ಲಾ ಕಡೆ ಇರಲ್ಲ, ಅದನ್ನೇ ಮೊದ್ಲು ಕೇಳಿ. 2018ರಲ್ಲಿ ಬಂದ ‘ಫಿಲ್ಮ್’ ಅನ್ನೋ ಟ್ರಯಲಲ್ಲಿ (ರೋಗಿಗಳಲ್ಲಿ ಹೋಲಿಸಿ ನೋಡೋ ಅಧ್ಯಯನ) ಹಳೇ ನೀಲಿ ಡೈಗೆ 74% ಜನರಲ್ಲಿ ಒಂದಾದ್ರೂ ನೋಡ್ ಸಿಕ್ರೆ ಐಸಿಜಿಲಿ 96%. ಅಂದ್ರೆ ವ್ಯತ್ಯಾಸ ತಂದಿದ್ದು ಡೈ. ರೋಬೋಟಿನ ಲಾಭ ಬೇರೆ, ಅಮ್ಮ ತುಂಬ ದಪ್ಪ ಇದ್ರೆ ಸರ್ಜನ್‌ಗೆ ಕೈ ಆಡ್ಸೋದು ಸಲೀಸು.

ಬೆಣ್ಣೆದೋಸೆ
ಚಿಕ್ಕಪ್ಪ ಎರಡು ಕ್ಯಾನ್ಸರ್ ಕಲ್ಸಿಬಿಟ್ಟಿದಾರೆ. ಕೀಹೋಲಲ್ಲಿ ರಿಸಲ್ಟ್ ಕೆಟ್ಟದಾಗಿ ಬಂದಿದ್ದು 2018ರ ಲ್ಯಾಕ್ ಟ್ರಯಲಲ್ಲಿ, ಅದು ಗರ್ಭಕಂಠದ ಕ್ಯಾನ್ಸರ್. ಒಳಪದರದ್ದಕ್ಕೆ 2017ರ ಲೇಸ್ ಟ್ರಯಲ್ ಇದೆ, ಹೊಟ್ಟೆ ಕುಯ್ದವರಿಗೂ ಲ್ಯಾಪ್ರೋಸ್ಕೋಪಿ ಆದವರಿಗೂ ಬದುಕುಳಿಯೋದ್ರಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಹೆಸರುಗಳು ಅಕ್ಕತಂಗೀರ ಥರ ಇವೆ, ಅವ್ರ ತಪ್ಪಲ್ಲ ಬಿಡಿ.

ಎಡಗಾಲಿನ ಮಗಳು
ನಮ್ಮಮ್ಮಂದು ರೋಬೋಟಲ್ಲೇ ಆಯ್ತು. ಬಲಗಡೆ ನೋಡ್ ಚೆನ್ನಾಗಿ ಹೊಳೀತು, ಎಡಗಡೆ ಡೈ ಹೋಗ್ಲೇ ಇಲ್ಲ, ಹಂಗಾದಾಗ ಎಷ್ಟೋ ಸಲ ಆ ಕಡೆ ನೋಡೆಲ್ಲಾ ತೆಗೀತಾರೆ, ನಮ್ಮಮ್ಮಂಗೂ ತೆಗೆದ್ರು. ಅದ್ರಿಂದ ತಪ್ಪಾಯ್ತು ಅಂತಲ್ಲ, ಆದ್ರೆ ಮುಂಚೆ ಯಾರೂ ನಮಗೆ ಹೇಳಿರ್ಲಿಲ್ಲ, ನೋಡ್ ತೆಗೆದಿದ್ರಿಂದ ಈಗ ಎಡಗಾಲು ಊದ್ಕೊಳತ್ತೆ, ದಿನಾ ಸ್ಟಾಕಿಂಗ್ ಹಾಕ್ಬೇಕು. ಆಮೇಲೆ ಓದಿದ್ರೆ ಅಮೆರಿಕದ ಫೈರ್ಸ್ ಸ್ಟಡಿಲಿ, ಅದೂ ರೋಬೋಟಲ್ಲೇ ಮಾಡಿದ್ದು, ಎರಡೂ ಕಡೆ ನೋಡ್ ಸಿಕ್ಕಿದ್ದು 52% ಜನಕ್ಕೆ ಮಾತ್ರ! ಆದ್ರೆ ನೋಡ್ ಸಿಕ್ಕವರಲ್ಲಿ ಕ್ಯಾನ್ಸರ್ ಹರಡಿದ್ದ 36 ಜನರಲ್ಲಿ 35 ಜನರದ್ದನ್ನ ಆ ಹೊಳೆದ ನೋಡೇ ತೋರಿಸ್ತು. ಹಾಗಾಗಿ ಸರ್ಜನ್‌ನ ಕೇಳಿ: ಒಂದು ಕಡೆ ಸಿಗ್ದಿದ್ರೆ ಇನ್ನೊಮ್ಮೆ ಚುಚ್ತೀರಾ, ಆಮೇಲೆ ಏನ್ ಮಾಡ್ತೀರಾ, ಪ್ಯಾಥಾಲಜಿಲಿ ಆ ನೋಡನ್ನ ಸಣ್ಣಸಣ್ಣ ಹೋಳು ಮಾಡಿ ನೋಡೋ ಅಲ್ಟ್ರಾಸ್ಟೇಜಿಂಗ್ ಇದ್ಯಾ.

ಹಾಸನದ ಹುಡುಗ
ತುಂಬಾ ಥ್ಯಾಂಕ್ಸ್. ಒಂದು ಡೌಟು, ಸಿಟಿ ಕಾಂಟ್ರಾಸ್ಟ್ ಹಾಕ್ದಾಗ ಅಮ್ಮಂಗೆ ಮೈಯೆಲ್ಲಾ ದದ್ದು ಎದ್ದಿತ್ತು, ಈ ಡೈಗೂ ಹಂಗಾಗತ್ತಾ?

ಓಟಿಯೊಳಗಿನವಳು
ಸಿಟಿ ಕಾಂಟ್ರಾಸ್ಟಲ್ಲಿ ಅಯೋಡಿನ್ ಇರೋ ಹಾಗೆ ಐಸಿಜಿ ಪುಡಿಲೂ ಸ್ವಲ್ಪ ಅಯೋಡೈಡ್ ಇರತ್ತೆ. ಇವತ್ತೇ ಫೋನ್ ಮಾಡಿ ಸರ್ಜನ್‌ಗೂ ಅನಸ್ತೀಸಿಯಾದವರಿಗೂ ಹೇಳಿ, ಆಪರೇಷನ್ ದಿನಕ್ಕೆ ಇಟ್ಕೋಬೇಡಿ.