ಮನೆ ಸಾಮಾನಿನ ಫೋಟೋ ಮಾರಾಟಕ್ಕಿಟ್ಟ ಹಾಗೆ ಬರ್ತಿದೆ, ಎಂತ ಮಾಡೋದು?

ತೋಟದಮನೆ_ಕೂಸು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ದು ಶಿರಸಿಯಿಂದ ಸ್ವಲ್ಪ ಒಳಗೆ, ಹಳೇ ಹಂಚಿನ ಮನೆ. ಮಳೆ ಹಿಡಿದ್ಮೇಲೆ ಹೊರಗೆ ಹೋಗಿ ಫೋಟೋ ತೆಗಿಯೋದು ಬಂದ್, ಉಂಬಳದ ಕಾಟ ಬೇರೆ, ಅದಕ್ಕೆ ಮನೆಯೊಳಗಿನ ಸಾಮಾನೇ ಇಟ್ಕೊಂಡು ಸ್ಟಿಲ್ ಲೈಫ್ ಮಾಡೋಣ ಅಂತ ಹೊರಟಿದೀನಿ. ತಾಮ್ರದ ತಂಬಿಗೆ, ಆಯಿಯ ಮಿಡಿ ಉಪ್ಪಿನಕಾಯಿ ಭರಣಿ, ಕವಳದ ತಟ್ಟೆ, ಅಡಕತ್ತರಿ, ಒಂದು ಮುಷ್ಟಿ ಕೆಂಪಡಿಕೆ, ಎರಡು ದಾಸವಾಳ, ಎಲ್ಲ ಚಂದ ಮಾಡಿ ಮೇಜಿನ ಮೇಲೆ ಜೋಡಿಸಿ ಕಿಟಕಿ ಹತ್ರಾನೇ ಇಟ್ಟು ತೆಗೆದೆ. ಬರೀ ಮೊಬೈಲು, ಕ್ಯಾಮೆರಾ ಇಲ್ಲ. ಎಲ್ಲ ಕಾಣತ್ತೆ, ಆದ್ರೆ ಹಳೇ ಪಾತ್ರೆ ಮಾರೋಕಿಟ್ಟ ಜಾಹೀರಾತಿನ ತರ ಕಾಣತ್ತೆ. ತಂಬಿಗೆ ಹೊಟ್ಟೆಲಿ ನಾನೇ ನಿಂತಿದೀನಿ, ನೈಟಿ ಸಮೇತ. ಮತ್ತೆ ಎಲ್ಲದಕ್ಕೂ ಒಂಥರಾ ನೀಲಿ ಛಾಯೆ. ಟ್ಯೂಬ್‌ಲೈಟ್ ಹಾಕಿದ್ರೆ ಇನ್ನೂ ಹಾಳಾಗತ್ತೆ. ಲೈಟು ಗೀಟು ತಗೊಳ್ಳೋಕೆ ದುಡ್ಡಿಲ್ಲ, ಮನೆಲಿರೋದ್ರಲ್ಲೇ ಆಗೋದು ಹೇಳಿ.

ಮಾಸಿದ_ಲೆನ್ಸು, ಕುಮಟಾ

ತಂಗಿ, ಮೊದಲು ಒಂದು ಮಾತು ಹೇಳು, ಆ ಕಿಟಕಿ ಹೊರಗೆ ಮಳೆಗೆ ಅಂತ ನೀಲಿ ತಾಡಪಾಲು ಕಟ್ಟಿದ್ದೀರಾ? ನಮ್ಮನೆ ಜಗುಲಿಗೂ ಕಟ್ಟಿದ್ವಿ, ಎರಡು ವರ್ಷ ನಾನು ಮೊಬೈಲಿಗೇ ಬೈದೆ. ತಾಡಪಾಲಿನಿಂದ ಸೋಸಿ ಬರೋ ಬೆಳಕು ನೀಲಿನೇ ಇರ್ತದೆ, ಆಮೇಲೆ ಎಡಿಟ್ ಮಾಡಿ ಎಷ್ಟು ಹಳದಿ ಹೆಚ್ಚಿಸಿದ್ರೂ ಅಡಿಕೆಯ ಕೆಂಪು ವಾಪಸ್ ಸರಿಯಾಗಿ ಬರೂದಿಲ್ಲ. ಬೇರೆ ಕಿಟಕಿಗೆ ಹೋಗು. ಟ್ಯೂಬ್‌ಲೈಟ್ ಪೂರ್ತಿ ಆಫ್, ಎರಡು ಬಣ್ಣದ ಬೆಳಕು ಸೇರಿದ್ರೆ ಮೊಬೈಲಿಗೆ ಯಾವುದನ್ನ ಬಿಳಿ ಅಂತ ಹಿಡಿಯೂದು ಗೊತ್ತಾಗೂದಿಲ್ಲ.

ಈಗ ಅಸಲು ವಿಷಯ. ನಮ್ಮ ಮಳೆಗಾಲದಲ್ಲಿ ಮೋಡವೇ ದೊಡ್ಡ ಪರದೆ, ಮೆತ್ತನೆ ಬೆಳಕು ಪುಕ್ಕಟೆ ಸಿಗ್ತದೆ, ಕೊರತೆ ಇರೂದು ನೆರಳಿಗೆ. ನೆರಳಿಲ್ಲದಿದ್ರೆ ತಂಬಿಗೆ ಗುಂಡಗಿದೆ ಅಂತ ಕಣ್ಣಿಗೆ ಹೇಳೋರು ಯಾರು? ಹಾಗಾಗಿ ಬೆಳಕು ಸೇರಿಸೂದಕ್ಕಿಂತ ತಡೆಯೂದು ಕಲಿ. ಕಿಟಕಿ ಎಡಗಡೆ ಬರೋ ಹಾಗೆ ಮೇಜು ಇಡು, ಉಳಿದ ಬಾಗಿಲು ಕಿಟಕಿ ಎಲ್ಲ ಮುಚ್ಚು, ಬಲಗಡೆ ಸಾಮಾನಿಗೆ ಒಂದು ಗೇಣು ದೂರದಲ್ಲಿ ಕರೀ ಕೊಡೆ ಬಿಚ್ಚಿ ಇಡು. ಹೌದು, ಕೊಡೆನೇ. ಬಿಳಿ ಗೋಡೆಗೆ ಬಡಿದು ಹಿಂದೆ ಬರೋ ಬೆಳಕನ್ನ ಅದು ನುಂಗ್ತದೆ, ಆ ಬದಿ ಕಪ್ಪಾಗ್ತದೆ. ತೀರಾ ಕಪ್ಪಾಯ್ತು ಅನಿಸಿದ್ರೆ ಕೊಡೆ ಹಿಂದೆ ಸರಿಸು ಇಲ್ಲಾ ಬಿಳಿ ಡ್ರಾಯಿಂಗ್ ಶೀಟ್ ಇಡು. ಹಿನ್ನೆಲೆಗೆ ಕಂಬಳಿ, ಉಣ್ಣೆ ಮಿಂಚೂದಿಲ್ಲ. ಕಂಬಳಿ ಆದಷ್ಟು ಹಿಂದೆ ಇರ್ಲಿ, ಸಾಮಾನು ಕಿಟಕಿ ಹತ್ರ ಇರ್ಲಿ, ಕಿಟಕಿಯಿಂದ ದೂರ ಹೋದಷ್ಟೂ ಬೆಳಕು ಬೇಗ ಇಳೀತದೆ, ಹಿನ್ನೆಲೆ ತಾನಾಗೇ ಕತ್ತಲಾಗ್ತದೆ.

ಮೊಬೈಲು ಇಲ್ಲೊಂದು ಕಿತಾಪತಿ ಮಾಡ್ತದೆ, ನೀ ಕಷ್ಟಪಟ್ಟು ನೆರಳು ಮಾಡಿದ್ರೆ ಅದು ಉಪಕಾರ ಮಾಡ್ತೀನಿ ಅಂತ ಬೆಳಗಿಸಿ ಬಿಡ್ತದೆ. ಎಚ್‌ಡಿಆರ್ (ಬೆಳಕು ನೆರಳು ಎರಡನ್ನೂ ಸಮ ಮಾಡೋ ಸೆಟ್ಟಿಂಗು), ನೈಟ್ ಮೋಡ್ ಬಂದ್ ಮಾಡಿ, ಸ್ಕ್ರೀನ್ ಒತ್ತಿ ಹಿಡಿದು ಲಾಕ್ ಮಾಡ್ಕೊಂಡು ಬೆಳಕನ್ನ ಕೆಳಗೆ ಎಳಿ. ತೀರಾ ಹತ್ತಿರ ಹೋಗಬೇಡ, ಭರಣಿ ಹೊಟ್ಟೆ ಉಬ್ಬಿ ಬಾಯಿ ಸಣ್ಣದಾಗ್ತದೆ. ಎರಡು ಹೆಜ್ಜೆ ಹಿಂದೆ ಹೋಗಿ 2ಎಕ್ಸ್‌ನಲ್ಲಿ ತೆಗಿ. ಸಣ್ಣ ಚೀಲಕ್ಕೆ ಅಕ್ಕಿ ತುಂಬಿ ಮೊಬೈಲ್ ಅದಕ್ಕೆ ಒರಗಿಸಿ ಟೈಮರ್ ಹಾಕಿದ್ರೆ ಅಲುಗಾಟ ಇಲ್ಲ.

ತಂಬಿಗೆ ಅಂದ್ರೆ ಕನ್ನಡಿ, ನೀ ಎದುರಿಗೆ ನಿಂತ್ರೆ ಕಂಡೇ ಕಾಣ್ತೆ. ಕಪ್ಪು ಶಾಲು ಹೊದ್ದುಕೋ, ಕಿಟಕಿಗೆ ಅಪ್ಪಯ್ಯನ ಬಿಳಿ ಪಂಚೆ ಕಟ್ಟು, ಕಿಟಕಿ ಸರಳಿನ ಚೌಕ ಚೌಕ ಹೋಗಿ ಒಂದು ಉದ್ದ ಬಿಳಿ ಗೆರೆ ಉಳೀತದೆ. ಅದನ್ನ ಮಾತ್ರ ಅಳಿಸೋಕೆ ಹೋಗಬೇಡ, ಅದಿಲ್ಲದಿದ್ರೆ ತಾಮ್ರ ಮಣ್ಣಿನ ಹಾಗೆ ಕಾಣ್ತದೆ. ಹುಣಸೆಹಣ್ಣು ಹಾಕಿ ತಿಕ್ಕೂದೂ ಬೇಡ, ಮಾಸಿದ ತಾಮ್ರವೇ ಸುಲಭ.

ಮತ್ತೆ ಅರ್ಧ ಸಾಮಾನು ತೆಗಿ. ದಾಸವಾಳ ಯಾಕೆ ಬೇಕು?

ಒಗ್ಗರಣೆ_ಸೌಟು, ಯಲ್ಲಾಪುರ

ದಾಸವಾಳ ಇರ್ಲಿ ಬಿಡಿ ಭಾವ, ನಿಮ್ಗೆ ಎಲ್ಲದೂ ಕಪ್ಪು ಕಪ್ಪಾಗೇ ಬೇಕು. ಆದ್ರೆ ಸಾಮಾನು ಕಮ್ಮಿ ಮಾಡೋದು ನಿಜ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದೇ ಒಂದು ದೊಣ್ಣೆಮೆಣಸಿನಕಾಯಿ ತಗೊಂಡು, ಅದನ್ನ ತಗಡಿನ ಆಲಿಕೆ ಒಳಗೆ ಇಟ್ಟು ತುಂಬಾ ಹೊತ್ತು ಬೆಳಕು ಬೀಳೋಕೆ ಬಿಟ್ಟು ತೆಗೆದ, ನೋಡಿದ್ರೆ ಯಾರೋ ಬೆನ್ನು ಬಗ್ಗಿಸಿ ಕೂತ ಹಾಗಿದೆ. ಆಲಿಕೆಯ ಒಳಮೈ ಸುತ್ತಲಿಂದ ಬೆಳಕು ತಿರುಗಿಸಿ ಕೊಡತ್ತೆ, ಹಿನ್ನೆಲೆನೂ ಅದೇ. ನಿಮ್ಮನೇಲೂ ಸೀಮೆಎಣ್ಣೆ ಕಾಲದ ಆಲಿಕೆ ಅಟ್ಟದ ಮೇಲೆ ಬಿದ್ದಿರತ್ತೆ, ಚಿಕ್ಕದಾದ್ರೆ ಒಂದು ಅಡಿಕೆ ಹಾಕಿ ನೋಡಿ. ದಾಸವಾಳಕ್ಕೆ ನೀರಿನ ಹನಿ ಬೇಕಾದ್ರೆ ಮೆಡಿಕಲ್ ಶಾಪಿನ ಗ್ಲಿಸರಿನ್ ನೀರಲ್ಲಿ ಬೆರೆಸಿ ಚಿಮುಕಿಸಿ, ಬರೀ ನೀರಿನ ಹಾಗೆ ಜಾರಿ ಹೋಗಲ್ಲ.

ಕಾಳಿ_ಕಡವು, ಕಾರವಾರ

ಮಾರಾಯ್ತಿ, ಇಷ್ಟೆಲ್ಲ ಕೊಡೆ ಪಂಚೆ ಯಾಕೆ, ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರ್ತದಾ? ಹೋದ ಕೂಡ್ಲೆ ಶುರು ಮಾಡು. ಕತ್ತಲೆ ಕೋಣೆ, ಮೊಬೈಲ್ ಅಲ್ಲಾಡದ ಹಾಗೆ ಇಟ್ಟು ಪ್ರೋ ಮೋಡಲ್ಲಿ (ಸೆಟ್ಟಿಂಗು ನಾವೇ ಹಾಕೋದು) ಐಎಸ್‌ಒ, ಅಂದ್ರೆ ಬೆಳಕು ಹಿಡಿಯೋ ಚುರುಕು, 100, ಶಟರ್, ಅಂದ್ರೆ ಬೆಳಕು ಒಳಗೆ ಬಿಡೋ ಹೊತ್ತು, 8 ಇಲ್ಲಾ 10 ಸೆಕೆಂಡ್. ಟಾರ್ಚಿಗೆ ಬಿಳಿ ಕರ್ಚೀಪು ಸುತ್ತಿ ಬದಿಯಿಂದ ನಿಧಾನ ಸವರ್ತಾ ಹೋಗು, ಗೋಡೆಗೆ ಸುಣ್ಣ ಹೊಡೆದ ಹಾಗೆ, ಎಲ್ಲೂ ನಿಲ್ಲಿಸಬೇಡ. ಕ್ಯಾಮೆರಾ ಹಿಂದಿಂದ ಮಾತ್ರ ಹಾಕಬೇಡ, ಚಪ್ಪಟೆ ಆಗ್ತದೆ. ನಾನು ಒಣ ಬಂಗಡೆ ಮೂರು ಇಟ್ಟು ಹೀಗೆ ತೆಗೆದಿದ್ದೆ, ಬೆಳ್ಳಿ ಹಾಗೆ ಬಂತು. ಫೋಟೋ ಮುಗಿಯೂದ್ರೊಳಗೆ ಬೆಕ್ಕು ಒಂದು ಎತ್ಕೊಂಡು ಹೋಯ್ತು, ಆದ್ರೆ ಎರಡೇ ಇದ್ದದ್ದು ಚಂದ ಕಂಡ್ತು.

ತೋಟದಮನೆ_ಕೂಸು, ಶಿರಸಿ

ಅಣ್ಣಾ, ತಾಡಪಾಲೇ! ಅಪ್ಪಯ್ಯ ಕಿಟಕಿ ಮೇಲಿಂದ ಇಳಿಬಿಟ್ಟಿದ್ರು, ದಿನಾ ನೋಡ್ತಿದ್ರೂ ಹೊಳೀಲಿಲ್ಲ. ನಡುಮನೆ ಕಿಟಕಿಗೆ ಬಂದೆ, ಅಡಿಕೆ ಕೆಂಪು ಕೆಂಪಾಗೇ ಬಂತು. ಕೊಡೆ ಒದ್ದೆ ಇತ್ತು, ಮೇಜೆಲ್ಲ ನೀರಾಗಿ ಆಯಿ ಹತ್ರ ಬೈಸ್ಕೊಂಡೆ, ಮನೆಯೊಳಗೆ ಕೊಡೆ ಬಿಚ್ಚಿದ್ದಕ್ಕೆ ಇನ್ನೊಂದು ಸಲ. ಕೊನೆಗೆ ತಂಬಿಗೆನೂ ತೆಗೆದೆ, ಕವಳದ ತಟ್ಟೆನೂ ತೆಗೆದೆ. ಭರಣಿ ಬಾಯಿಗೆ ಆಯಿ ಕಟ್ಟಿದ ಬಿಳಿ ಅರಿವೆ ಇದೆಯಲ್ಲ, ಅದರ ಗಂಟಿನ ಸುಕ್ಕಿಗೆ ಬದಿ ಬೆಳಕು ಬಿದ್ದದ್ದು, ಪಕ್ಕದಲ್ಲಿ ಎರಡು ಅಡಿಕೆ, ಅಷ್ಟೇ. ಮೊದಲಿನದಕ್ಕೆ ಹೋಲಿಸಿದ್ರೆ ಬೇರೆ ಯಾರೋ ತೆಗೆದ ಹಾಗಿದೆ. ದಾಸವಾಳ ಬಾಡೋಯ್ತು, ಸೌಟಕ್ಕ ಬೇಜಾರಾಗಬೇಡಿ.

ಟಾರ್ಚಿಂದು ಇವತ್ತು ರಾತ್ರಿ ಮಾಡೋಣ ಅಂತಿದ್ದೆ. ಇದನ್ನ ಟೈಪ್ ಮಾಡ್ತಿರೋವಾಗ್ಲೇ ಕರೆಂಟ್ ಹೋಯ್ತು. ಮೊಬೈಲಲ್ಲಿ ಚಾರ್ಜು 14 ಇದೆ.